ತಿಳದಷ್ಟು ಕೊಡ್ರಿ

ನಿನ್ನೆ ಬಿಸಿಲಿಗೆ ಹಾಕಿದ್ದ ಹಳೆಯ ಕೌದಿಯನ್ನು ಮಡಿಸುವಾಗ ಅದೇ ವಾಸನೆ ಬಂತು. ಸವೆದ ಸೀರೆ, ಬೇವಿನೆಲೆ, ಒಂಚೂರು ಎಲೆಅಡಿಕೆ... ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯ ಅತ್ತಿ ಬಂದು ಎದುರು ಕುಳಿತಂತಾಯಿತು. ಊರವರ ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿದುಕೊಡುವುದು ಆಕೆಯ ಕೆಲಸ. ರೇಟು ಮಾತಾಡದೆ ಸೂಜಿಗೆ ದಾರ ಪೋಣಿಸುತ್ತಿರಲಿಲ್ಲ.

ಕಾಲುವೆ ನೀರು ಬಂದು ಭತ್ತದ ದುಡ್ಡು ಕೈಗೆ ಹತ್ತಿದ ಕಾಲ ಅದು. ಹೊಸ ಮನೆ ಕಟ್ಟಿದವರೆಲ್ಲ ತೀರಿಹೋದ ಅಪ್ಪ-ಅವ್ವನ ಚಿತ್ರ ಬರೆಸಿ ಪಡಸಾಲೆಯಲ್ಲಿ ತೂಗುಹಾಕುತ್ತಿದ್ದರು. ಬರೆಯುವವಳು ನಾನು. ಕೈ ಚೆನ್ನಾಗಿತ್ತು, ಕೆಟ್ಟದ್ದು ಬಾಯಿ. "ಎಷ್ಟು ಕೊಡಬೇಕವ್ವಾ?" ಎಂದು ಕೇಳಿದರೆ "ತಿಳದಷ್ಟು ಕೊಡ್ರಿ" ಎಂದುಬಿಡುತ್ತಿದ್ದೆ. ಹಾಗೆ ಹೇಳುವುದೇ ಮರ್ಯಾದೆ ಎಂದು ಮನೆಯಲ್ಲಿ ಕಲಿತಿದ್ದೆ. ಒಬ್ಬರು ಬಣ್ಣದ ಖರ್ಚಿನಷ್ಟು ಕೊಟ್ಟರು, ಇನ್ನೊಬ್ಬರು ಎರಡು ಕುಂಬಳಕಾಯಿ ಕೊಟ್ಟರು. ಇನ್ನೊಂದು ಚಿತ್ರ ಹೀಗೇ ಹೋದರೆ ಬ್ರಷ್ ಕಟ್ಟಿಟ್ಟು ಹತ್ತಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋಗಬೇಕೆಂದು ಅಣ್ಣ ಹೇಳಿಯಾಗಿತ್ತು.

ಆಗಲೇ ದೇವಾಪುರದ ರೈತರೊಬ್ಬರು ತಮ್ಮ ಅಪ್ಪನ ಹೆಬ್ಬೆರಳಿನಷ್ಟು ಫೋಟೊ ಹಿಡಿದು ಬಂದರು. ಅವರದು ಅದೇ ಪ್ರಶ್ನೆ, ನನ್ನದು ಅದೇ ಉತ್ತರ. ಕಟ್ಟೆಯ ಮೇಲೆ ಹೊಲಿಯುತ್ತ ಕುಳಿತಿದ್ದ ಅತ್ತಿ ನಕ್ಕುಬಿಟ್ಟಳು.

"ಏನ್ರಿ ಅಣ್ಣಾರ, ಭತ್ತ ಮಾರಾಕ ಹೋದಾಗ ನೀವೂ ತಿಳದಷ್ಟು ಕೊಡ್ರಿ ಅಂತೀರೇನು?"

"ಹಂಗಂದ್ರ ಹೇಣ್ತಿ ಮನಿ ಒಳಗ ಬಿಟ್ಕೊಂಡಾಳೇನಬೇ!" ಎಂದು ರೈತರೂ ನಕ್ಕರು.

ಅತ್ತಿ ನನ್ನ ಕಡೆ ತಿರುಗಿದಳು. "ಕೇಳಿದೇನ ಹುಡುಗಿ? ನೆಲ ಏನ್ ನೋಡ್ತಿ, ಕಿಮ್ಮತ್ತು ಹೇಳು."

"ಎಂಟುನೂರು" ಎಂದೆ.

"ಜಾಸ್ತಿ ಆತಲ್ಲ ತಂಗಿ" ಎಂದರು ಅವರು.

ಇಳಿಸಲು ಬಾಯಿ ತೆರೆದೆ. ಅತ್ತಿ ದಾರವನ್ನು ಹಲ್ಲಿನಿಂದ ಕಡಿದು ನನ್ನನ್ನೇ ನೋಡಿದಳು. ಬಾಯಿ ಮುಚ್ಚಿದೆ. ಹಾಗೆ ಸುಮ್ಮನಿರುವುದೇ ನಾನು ಕಲಿತ ವ್ಯಾಪಾರ...

"ಆತು. ನಮ್ಮಪ್ಪನ ಮೀಸಿ ಮಾತ್ರ ಬಗ್ಗಬಾರದು ನೋಡು" ಎಂದು ರೈತರು ಅರ್ಧ ದುಡ್ಡು ಕೈಗಿಟ್ಟು ಹೋದರು. ಅಣ್ಣ ಮತ್ತೆ ಹತ್ತಿ ಅಂಗಡಿಯ ಮಾತೆತ್ತಲಿಲ್ಲ.

ಮುಂದೊಂದು ದಿನ ಅತ್ತಿಯೇ ಬಂದು, "ನಂದೂ ಒಂದು ಬರಿ. ಎಷ್ಟು?" ಎಂದಳು.

"ನಿನ್ನ ಕಡಿಂದ ಎಂಥ ರೊಕ್ಕ ಬೇ ಅತ್ತಿ!"

"ಹಂಗಾದ್ರ ಬ್ಯಾಡ" ಎಂದು ಎದ್ದೇಬಿಟ್ಟಳು. ಮತ್ತೆರಡು ಸಲವೂ ಹಾಗೇ ಆಯಿತು. ನನ್ನದೂ ಹಟ, ಆಕೆಯದೂ ಹಟ... ಅಷ್ಟರಲ್ಲಿ ತೀರಿಕೊಂಡಳು. ಆಕೆಯ ಮನೆಯಲ್ಲಿ ಒಂದು ಫೋಟೊ ಕೂಡ ಇರಲಿಲ್ಲ.

ಈಗ ಸುರಪುರ, ಯಾದಗಿರಿಯಿಂದಲೂ ಜನ ಬರುತ್ತಾರೆ. ಕೇಳುವ ಮೊದಲೇ ಬೆಲೆ ಹೇಳುತ್ತೇನೆ, ಹೇಳಿ ಸುಮ್ಮನಾಗುತ್ತೇನೆ. ಯಾರೂ ಮುನಿಸಿಕೊಂಡು ಹೋಗಿಲ್ಲ. ಇಷ್ಟೊಂದು ಮುಖ ಬರೆದ ಕೈಗೆ ಅತ್ತಿಯ ಮುಖ ಮಾತ್ರ ದಕ್ಕಿಲ್ಲ. ಮೂಗು ಬರುತ್ತದೆ, ತುಟಿ ಬರುತ್ತದೆ, ಎರಡೂ ಸೇರಿ ಆಕೆ ಆಗುವುದಿಲ್ಲ... ಅಂದು ನಾನು ಏನಾದರೊಂದು ಬೆಲೆ ಹೇಳಿದ್ದರೆ, ಚೌಕಾಶಿ ಮಾಡಿಯಾದರೂ ಎದುರು ಕೂರುತ್ತಿದ್ದಳು.