ಹೊರಟವರನ್ನು ಕೇಳಬಾರದ ಮಾತು

ನನಗೆ ಮೊದಲಿಂದಲೂ ಕಂಡವರ ಸುದ್ದಿಯಲ್ಲಿ ಮೂಗು ತೂರಿಸುವ ಚಟ. ಕಚ್ಚಾ ಎಣ್ಣೆಯ ಬೆಲೆ ಬಿದ್ದು ಮಸ್ಕತ್ತಿನ ಆಫೀಸುಗಳಲ್ಲಿ ಜನರನ್ನು ತೆಗೆಯುತ್ತಿದ್ದ ಕಾಲಕ್ಕೆ, ಅಲ್ ಖೌದ್‌ನ ಫ್ಲ್ಯಾಟಿನಲ್ಲಿ ಕೂತು ಹೊರದೇಶದ ಒಂದು ಕಮ್ಯುನಿಟಿ ಕಾಲೇಜಿನ ಆನ್‌ಲೈನ್ ಕೋರ್ಸಿಗೆ ಸೇರಿದೆ. ಅಪರಾಧ ತನಿಖೆ ಮತ್ತು ವಿಚಾರಣೆ. ನಮ್ಮನಿಯವರ ನೌಕರಿ ಹೋದರೆ ವೀಸಾನೂ ಹೋಯಿತು, ಮಗಳ ಹತ್ತನೇ ಕ್ಲಾಸಿನ ನಡುವೆಯೇ ಗಂಟುಮೂಟೆ ಕಟ್ಟಬೇಕು. ಆ ಹೆದರಿಕೆ ಮರೆಯಲಿಕ್ಕೆ ಏನಾದರೂ ಬೇಕಿತ್ತು.

ಪಾಠ ಹೇಳುತ್ತಿದ್ದವರು ನಿವೃತ್ತ ಪೊಲೀಸ್ ಅಧಿಕಾರಿ. ಮನೆಯವರೊಬ್ಬರಿಂದ ನಿನ್ನೆಯ ದಿನವನ್ನು ಸಂಜೆಯಿಂದ ಬೆಳಗಿನತನಕ ಹಿಂದುಮುಂದಾಗಿ ಹೇಳಿಸಿ ಅಂತ ಅಭ್ಯಾಸ ಕೊಟ್ಟರು; ಸುಳ್ಳು ಇದ್ದರೆ ಹೀಗೆ ಹೇಳುವಾಗ ಎಡವುತ್ತಾರಂತೆ. ಪ್ರಶ್ನೆ ಕೇಳಿದ ಮೇಲೆ ನೀವು ಬಾಯಿ ಹಾಕಬೇಡಿ ಅಂದರು. ಅದೇ ನನಗೆ ಕಷ್ಟ.

ಚಹಾ ಕುಡಿಯುತ್ತ ಇವರು ನಕ್ಕು ಒಪ್ಪಿದರು. ಮನೆಗೆ ಬಂದದ್ದು, ದಾರಿಯ ಟ್ರಾಫಿಕ್ಕು ಸರಿಯಾಗಿ ಬಂತು. ಅದಕ್ಕೂ ಮೊದಲು? ಮೀಟಿಂಗು. ಅದಕ್ಕೂ ಮೊದಲು? ಊಟ. ಎಲ್ಲಿ ಕೂತು ಉಂಡಿರಿ ಅಂದೆ. ಇವರು ಕಪ್ಪಿನ ಅಂಚು ಒರೆಸಿದರು. ಕಾರಿನಾಗ ಅಂದರು, ಆಮೇಲೆ ಅಲ್ಲ, ಕ್ಯಾಂಟೀನಿನಾಗ ಅಂದರು. ನನಗೆ ಥಟ್ಟನೆ ಇನ್ನೊಂದು ನೆನಪಾಯಿತು. ಇವರ ಊಟದ ಡಬ್ಬಿಯ ಚೀಲದಲ್ಲಿ ಕೆಲವು ವಾರದಿಂದ ದಿನಾ ಮರಳು ಸಿಗುತ್ತಿತ್ತು. ಈ ಊರಿನಲ್ಲಿ ಮರಳು ಎಲ್ಲಿಲ್ಲ ಅಂತ ಝಾಡಿಸಿ ಸುಮ್ಮನಾಗಿದ್ದೆ.

ಹೊರಗೆ ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ಹೋದ ಕೆಲಸ ಕೆಡುತ್ತದೆ ಅನ್ನುವುದು ನಮ್ಮ ಧಾರವಾಡದ ಮನೆಯ ಕಟ್ಟಳೆ. ಮದುವೆಯಾದ ವಾರವೇ ಅತ್ತೆ ಕಲಿಸಿದ್ದರು. ಊರಿನವರನ್ನೆಲ್ಲ ಕೆದಕಿ ಕೇಳುವ ನಾನು ಇದೊಂದನ್ನು ಮಾತ್ರ ಎಂದೂ ಮೀರಿರಲಿಲ್ಲ. ಕುತ್ತಿನ ದಿನಗಳಲ್ಲಂತೂ ಹೋಗಿ ಬರ್ರಿ ಅಂದು ತುಟಿ ಹೊಲಿದುಕೊಂಡು ಬಿಡುತ್ತಿದ್ದೆ. ಇವರ ಒಳ್ಳೆಯದಕ್ಕೇ.

ಮರುದಿನ ಬೆಳಿಗ್ಗೆ ಇವರು ಒಂದು ಬೂಟು ಹಾಕಿಕೊಂಡಿದ್ದರು. ಡಬ್ಬಿ ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿಯೇಬಿಟ್ಟೆ.

"ಎಲ್ಲಿಗೆ ಹೊಂಟೀರಿ?"

ಪಾಠದಲ್ಲಿ ಹೇಳಿದಂತೆ ಬಾಯಿ ಮುಚ್ಚಿ ನಿಂತೆ. ಇವರು ಹಾಕಿದ ಬೂಟು ಬಿಚ್ಚಿ ಅಲ್ಲೇ ನೆಲಕ್ಕೆ ಕುಂತರು. ಮೂರು ವಾರದ ಹಿಂದೆಯೇ ಕೆಲಸದಿಂದ ತೆಗೆದಿದ್ದರಂತೆ. ದಿನಾ ಅಲ್ ಹೈಲ್‌ನ ಸಮುದ್ರದ ದಂಡೆಗೆ ಹೋಗಿ ಸಂಜೆತನಕ ಕೂಡುತ್ತಿದ್ದರಂತೆ. ಮಗಳಿಗೆ ಕೇಳಿಸೀತೆಂದು ದನಿ ಇಳಿಸಿದರು.

"ಮೊದಲನೇ ದಿನಾನ ಕೇಳ್ತಿ ಅನ್ಕೊಂಡಿದ್ದೆ. ದಿನಾ ಬಾಗಿಲದಾಗ ಅದಕ್ಕ ಒಂದು ನಿಮಿಷ ನಿಂದರತಿದ್ದೆ."