ಅತ್ತೆ ಹತ್ತಿದ ಖಂಡಾಲಾ ಘಾಟ್

ನಾನು ಬಿ.ಎ. ಪಾಸಾಗುವುದು ಆಗದ ಮಾತು ಎಂದವಳು ನನ್ನ ಸೋದರತ್ತೆ. ಮುಂಬಯಿಯ ಕುರ್ಲಾದ ನಮ್ಮ ಚಾಳಿನ ಖೋಲಿಯಲ್ಲಿ, ದೇವರಿಗೆ ದೀಪ ಹಚ್ಚುತ್ತ ಹಾಗೆಂದಳು. ನಮ್ಮ ಮನೆತನದಲ್ಲಿ ಅದುವರೆಗೆ ಕಾಲೇಜಿನ ಬಾಗಿಲು ಕಂಡವರೇ ಇರಲಿಲ್ಲ.

"ನೀ ಬಿ.ಎ. ಆದಿ ಅಂದ್ರ ನಾ ಖಂಡಾಲಾ ಘಾಟ್ ಬರಿಗಾಲಲೆ ಹತ್ತತೀನಿ, ತಗೋ."

ಬೆಳಿಗ್ಗೆ ಕಾಲೇಜು, ಆಮೇಲೆ ವರ್ಕ್‌ಶಾಪು. ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾದೆ. ಆಡಿಕೊಂಡವಳೂ ಅವಳೇ, ನಾನು ಏಳುವ ಮೊದಲೇ ಎದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟಿದವಳೂ ಅವಳೇ. ಎರಡರ ಋಣವೂ ನನ್ನ ಮೇಲಿದೆ. ಕಡೆಗೆ ಪಾಸಾದೆ. ಚಾಳಿನವರೆಲ್ಲ ಪೇಢೆ ತಿಂದರು. ಅತ್ತೆ ಮಾತ್ರ ಪೇಢೆಯನ್ನು ಕೈಯಲ್ಲೇ ಹಿಡಿದು, ಘಾಟಿಗೆ ಹೋಗುವುದು ಯಾವಾಗ ಎಂದು ಕೇಳಿದಳು.

ನಾವು ನಕ್ಕೆವು. ಅವಳು ನಗಲಿಲ್ಲ. ದೀಪದ ಮುಂದೆ ಆಡಿದ್ದು ಹರಕೆಯೇ ಅಂತೆ. ಕಟ್ಟಡದ ಕೆಲಸದಲ್ಲಿ ಉಸುಕು ಹೊತ್ತು ಹೊತ್ತು ಅವಳ ಮೊಣಕಾಲು ಸವೆದಿದ್ದವು. ಚಾಳಿನ ಮೆಟ್ಟಿಲಿಗೇ ಏದುಸಿರು ಬಿಡುವವಳನ್ನು ಅಂಥ ಕಡಿದಾದ ಬೆಟ್ಟದ ದಾರಿ ಹತ್ತಿಸುವುದು ಹೇಗೆ? ಬೇಡವೆಂದರೆ ಒಬ್ಬಳೇ ಹೊರಟುಬಿಡುವ ಹೆಂಗಸು.

ದಾರಿ ತೋರಿಸಿದವನು ಅಪ್ಪ. ನಮ್ಮೂರ ಕಡೆ ಹರಕೆ ಹೊತ್ತು ನಡೆಯಲಾರದವರು ಬಂಡಿಯಲ್ಲಿ ಹೋಗಿ, ಗುಡಿಯ ಶಿಖರ ಕಂಡಲ್ಲಿ ಇಳಿದು ನಡೆಯುತ್ತಾರೆ. ಘಾಟಿಗೂ ಹಾಗೇ ಆಗಲಿ ಎಂದ. ಅತ್ತೆ ಸಂಜೆಯವರೆಗೂ ಯೋಚಿಸಿ, ದೇವರಿಗೆ ನಡೆಯುವುದು ತನಗೂ ನಡೆದೀತು ಎಂದಳು. ಪಕ್ಕದ ಖೋಲಿಯ ಕಾಕಾ ಪುಣೆ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದರು. ಅವರು ನೆಲದ ಮೇಲೆ ಇದ್ದಿಲಿನಿಂದ ಘಾಟಿನ ತಿರುವುಗಳನ್ನೆಲ್ಲ ಬರೆದು, ನೆತ್ತಿ ಮೊದಲು ಕಾಣುವ ತಿರುವಿನ ಮೇಲೆ ಒಂದು ಶೇಂಗಾ ಬೀಜ ಇಟ್ಟರು. ಲೋಕಲ್ ರೈಲಿನಲ್ಲಿ ಘಾಟಿನ ಬುಡದ ಖೋಪೋಲಿಯವರೆಗೆ, ಅಲ್ಲಿಂದ ಎಸ್.ಟಿ. ಬಸ್ಸು, ಶೇಂಗಾ ಬೀಜದ ಹತ್ತಿರ ಇಳಿಯುವುದು. ಅವ್ವನಿಗೆ ಬುತ್ತಿಯದೇ ಚಿಂತೆ. ಸರ್ಟಿಫಿಕೇಟು ಕೈಗೆ ಬಂದ ಮೇಲೆಯೇ ಹೊರಡೋಣ ಎಂದೆ ನಾನು.

ಮಳೆಗಾಲ ಮುಗಿಯುತ್ತ ಬಂದ ದಿನಗಳು. ಕಂಡಕ್ಟರ್ ಗೊಣಗುತ್ತಲೇ ತಿರುವಿನಲ್ಲಿ ಬಸ್ಸು ನಿಲ್ಲಿಸಿದ. ಅತ್ತೆ ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟಳು. ಕೆಳಗೆ ಕಣಿವೆ ತುಂಬ ಮೋಡ, ಬಂಡೆಗಳ ಮೇಲಿಂದ ಇಳಿಯುವ ನೀರು. ನಾಲ್ಕು ಹೆಜ್ಜೆ ನಡೆದು ಕಟ್ಟೆಯ ಮೇಲೆ ಕೂರುವಳು, ಮತ್ತೆ ಏಳುವಳು. ಹೆಗಲು ಕೊಡಲು ಹೋದರೆ ಬೇಡವೆಂದಳು. ಕಡೆಗೆ ನೆತ್ತಿ ಮುಟ್ಟಿದೆವು.

ಅಲ್ಲಿ ಸರ್ಟಿಫಿಕೇಟು ತೆಗೆದು ಅವಳ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತಗೊಂಡಳು, ಕಣ್ಣಿಗೊತ್ತಿಕೊಂಡಳು. ಆಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೇಳಿದಳು:

"ಎಂ.ಎ. ಮಾಡ್ತಿಯೇನು? ಮಾಡು. ಈ ಸಲ ನಾ ಏನೂ ಅನ್ನಂಗಿಲ್ಲ."