ಕುರಿಗಳಿಗೆ ಯಾವ ವಿಳಾಸ?

ರಾಯಚೂರಿಗೆ ಬಂದ ಮೊದಲ ಬೆಳಿಗ್ಗೆ ತಣ್ಣೀರಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ. ಮಾಳಿಗೆಯ ಟ್ಯಾಂಕು ಹಿಂದಿನ ದಿನದ ಬಿಸಿಲನ್ನು ಇನ್ನೂ ಬಿಟ್ಟಿರಲಿಲ್ಲ. ಮೈಸೂರಿನಲ್ಲಿ ನೀರು ಕಾಯಲಿ ಎಂದು ಕೂರುತ್ತಿದ್ದವಳು ಇಲ್ಲಿ ಆರಲಿ ಎಂದು ಬಕೆಟ್ ಮುಂದೆ ಕೂತೆ. ಅಂದೇ ಬ್ಯಾಂಕಿನಲ್ಲಿ ನನಗೆ ಕೆಲಸ ವಹಿಸಿದರು: ಹವಾಮಾನ ಅಪಾಯದ ವರದಿ. ನಾವು ಕೊಟ್ಟ ಸಾಲಗಳಲ್ಲಿ ಯಾವುದಕ್ಕೆ ಬಿಸಿಲು, ಬರ, ಪ್ರವಾಹದಿಂದ ಪೆಟ್ಟು ಬೀಳಬಹುದೆಂದು ನಕ್ಷೆಯಲ್ಲಿ ಊರೂರಿಗೂ ಬಣ್ಣ ಹಚ್ಚಿ ಬೆಂಗಳೂರಿಗೆ ಕಳಿಸಬೇಕು. ಬಿಸಿಲಿನ ಕಲಂ ತುಂಬಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ ಬಿಡಿ!

ಮೈಸೂರಿನಲ್ಲಿ ಮುದ್ದೆ ನುಂಗಿ ಬೆಳೆದವಳಿಗೆ ಇಲ್ಲಿ ಜೋಳದ ರೊಟ್ಟಿ ಅಗಿದು ದವಡೆ ನೋವು ಬಂತು. ಪುಂಡಿಪಲ್ಯದ ಹುಳಿಗೆ ಮಾತ್ರ ಎರಡೇ ದಿನದಲ್ಲಿ ಸೋತೆ. ನನ್ನ ‘ಹೋಗ್ಬಿಟ್ಟು ಬರ್ತೀನಿ’ಗೆ ಆಫೀಸೆಲ್ಲ ನಗುತ್ತಿತ್ತು. ಭಾನುವಾರಗಳು ಬಲು ಉದ್ದವಾಗಿದ್ದವು. ಅದಕ್ಕೇ ಇರಬೇಕು, ವರದಿಯ ಹಿಂದೆ ಬಿದ್ದೆ.

ಚಂದ್ರಬಂಡದ ನಿಂಗಮ್ಮ ಕುರಿ ಸಾಲ ಪಡೆದಿದ್ದಳು. ಊರಿನ ಹತ್ತಿರ ನದಿಯಿಲ್ಲ, ಆದ್ದರಿಂದ ಪ್ರವಾಹದ ಕಲಮಿಗೆ ಅಪಾಯವಿಲ್ಲವೆಂದು ಹಸಿರು ಹಚ್ಚಿದೆ. ಇದೇ ಸೀಮೆಯವರಾದ ನಮ್ಮ ಫೀಲ್ಡ್ ಆಫೀಸರ್ ಶರಣಪ್ಪ ಅದನ್ನು ನೋಡಿ ನನ್ನನ್ನು ಬೈಕ್ ಹತ್ತಿಸಿದರು. ಚಂದ್ರಬಂಡದಲ್ಲಿ ಮನೆಗೆ ಬೀಗ. ನಿಂಗಮ್ಮ ಸಿಕ್ಕಿದ್ದು ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಕುರಿಗಳ ನಡುವೆ. ಫೋನಿನಲ್ಲಿ ನನ್ನ ಹಸಿರು ಚುಕ್ಕೆ ತೋರಿಸಿದೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

‘ಮನಿ ಅಲ್ಲಿ ಅದ, ಕುರಿ ಇಲ್ಲಿ ಅವ. ಕುರಿಗಿ ಯಾವ ಅಡ್ರೆಸ್ ಕೊಡ್ಲಿ ಯವ್ವಾ?’

ಆಮೇಲೆ ರೊಟ್ಟಿ ಕೊಟ್ಟು ವರ್ಷವನ್ನೇ ಬಿಡಿಸಿ ಹೇಳಿದಳು. ಕೊಯ್ಲು ಮುಗಿದ ಮೇಲೆ ಮಾನ್ವಿಯ ಗದ್ದೆಗಳಲ್ಲಿ ದೊಡ್ಡಿ ಹಾಕುತ್ತಾರೆ. ಎಂದರೆ ಗೊಬ್ಬರಕ್ಕಾಗಿ ರೈತರೇ ಕರೆದು ಹೊಲದಲ್ಲಿ ಕುರಿ ಕೂಡಿಸುತ್ತಾರೆ. ಬೇಸಿಗೆಗೆ ಹೊಳೆಯ ಹುಲ್ಲಿಗಾಗಿ ಇಲ್ಲಿಗೆ. ಆಷಾಢದಲ್ಲಿ ಇಲ್ಲೊಂದು ಹನಿ ಬೀಳದಿದ್ದರೂ ಮೇಲೆಲ್ಲೋ ಮಳೆಯಾಗಿ, ಅಣೆಕಟ್ಟೆಯಿಂದ ನೀರು ಬಿಟ್ಟು, ಹೊಳೆ ಏರುತ್ತದೆ. ಪೂರ್ತಿ ಹಸಿರು ಹಚ್ಚಿದ್ದ ನನಗೆ ನಾಚಿಕೆಯೂ ಆಯಿತು, ಅಪಾಯದ ಕೆಂಪು ಹಚ್ಚಿ ಸರಿಪಡಿಸೋಣವೆಂದು ಕುಣಿಯುವಷ್ಟು ಹುರುಪೂ ಬಂತು.

ಆದರೆ ಹಿಂದಿರುಗುವಾಗ ಶರಣಪ್ಪ ಬೈಕ್ ನಿಲ್ಲಿಸಿ ಹೇಳಿದರು: ‘ಕೆಂಪು ಹಚ್ಚಿದ್ರ ಮುಂದಿನ ಸಲ ಆಕಿಗಿ ಸಾಲ ಸಿಗಂಗಿಲ್ರಿ ಮೇಡಂ.’

ಹಸಿರು ಸುಳ್ಳು, ಕೆಂಪು ಅನ್ಯಾಯ. ನಿಂಗಮ್ಮನೊಬ್ಬಳೇ ಅಲ್ಲ, ಆ ಕಡೆಯ ಕುರಿಗಾರರೆಲ್ಲ ಆ ಒಂದು ಬಣ್ಣಕ್ಕೆ ಸಿಕ್ಕಿಕೊಳ್ಳುತ್ತಿದ್ದರು. ಕೊನೆಗೆ ನಮೂನೆಯಲ್ಲಿ ಇಲ್ಲದ ಹನ್ನೆರಡು ಚೌಕಗಳನ್ನು ತಿಂಗಳಿಗೊಂದರಂತೆ ನಾನೇ ಗೀಚಿ, ಯಾವ ತಿಂಗಳು ಕುರಿ ಎಲ್ಲಿ ಎಂದು ತುಂಬಿದೆ. ಕೆಂಪು ಬಿದ್ದದ್ದು ಒಂದೇ ತಿಂಗಳಿಗೆ. ಕೆಳಗೆ ಬರೆದೆ: ಮನೆ ಓಡಲಾರದು, ಕುರಿ ಓಡುತ್ತದೆ, ನೀರು ಬಿಡುವ ಸುದ್ದಿ ಮೊದಲೇ ಮುಟ್ಟಿದರೆ ಅರ್ಧ ದಿನದಲ್ಲಿ ಎತ್ತರ ಸೇರುತ್ತದೆ.

ಬೆಂಗಳೂರಿನವರು ಫೋನ್ ಮೇಲೆ ಫೋನ್ ಮಾಡಿ ತಲೆ ತಿಂದರು. ಕೊನೆಗೆ ಒಪ್ಪಿದರು. ನಿಂಗಮ್ಮನ ಸಾಲವೂ ಉಳಿಯಿತು, ಬೇರೆ ಶಾಖೆಗಳೂ ತಿಂಗಳುವಾರು ಬರೆಯಲಿ ಎಂದು ಸುತ್ತೋಲೆಯೂ ಹೊರಟಿತು. ನಾನು ಇಡೀ ಆಫೀಸಿಗೆ ಮಿರ್ಚಿ ಬಜ್ಜಿ ತಿನ್ನಿಸಿದೆ. ಅಷ್ಟು ಖುಷಿಯಾಗಿತ್ತು ನನಗೆ.

ಆಷಾಢ ಶುಕ್ರವಾರಕ್ಕೆ ಮೈಸೂರಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ಟಿವಿಯಲ್ಲಿ ಕೃಷ್ಣೆಗೆ ನೀರು ಬಿಟ್ಟ ಸುದ್ದಿ ಬಂತು. ಎಂಜಲು ಕೈಯಲ್ಲೇ ಅಂಗಳಕ್ಕೆ ಓಡಿ ನಿಂಗಮ್ಮನಿಗೆ ಫೋನ್ ಹಚ್ಚಿದೆ.

‘ಮುಂಜಾನೇನ ದಿನ್ನಿಗಿ ಹೊಡ್ಕೊಂಡು ಬಂದೀವಿ ಯವ್ವಾ, ಎಲ್ಲಾ ಅವ’ ಎಂದಳು. ‘ನೀ ಊರಿಗಿ ಯಾವಾಗ ಬರ್ತಿ?’

‘ಸೋಮವಾರ ಊರಿಗೆ ಬರ್ತೀನಿ’ ಎಂದುಬಿಟ್ಟೆ.

ಬಾಗಿಲಲ್ಲಿ ಅಮ್ಮ ಪಾಯಸದ ಪಾತ್ರೆ ಹಿಡಿದು ನಿಂತಿದ್ದಳು. ‘ಹಾಗಾದ್ರೆ ಇದ್ಯಾವ ಊರೇ?’ ಎಂದಳು. ‘ಕುರಿಗೆ ಯಾವ ಅಡ್ರೆಸ್ ಕೊಡ್ಲಿ ಅಮ್ಮಾ?’ ಎಂದು ನಕ್ಕು, ಪಾಯಸಕ್ಕೆ ಒಳಗೆ ನಡೆದೆ.